ಮುಖವಾಡಕ್ಕೆ ಕಟ್ಟಿದ ದಾರ

ಕನ್ನಡಿಗರ ಬಾಯಲ್ಲಿ ಪ್ರಾಣಿಗಳಿಗೆ ಬಿಡುವೇ ಇಲ್ಲ. ಸಿದ್ದರಾಮಯ್ಯನವರು ಟಗರು, ಯಡಿಯೂರಪ್ಪನವರು ರಾಜಾಹುಲಿ. 2019ರಲ್ಲಿ ಕಾಗವಾಡ ಉಪಚುನಾವಣೆಯ ಪ್ರಚಾರ ಸಭೆಯಲ್ಲಿ ಜನರ ನಡುವಿನಿಂದ ಕೇಳಿಬಂದ ‘ಹೌದು ಹುಲಿಯಾ’ ಎಂಬ ಕೂಗು ಇಡೀ ರಾಜ್ಯದ ವಾಟ್ಸ್‌ಆ್ಯಪ್ ಸ್ಟೇಟಸ್ ಆಗಿಹೋಯಿತು. ಪರೀಕ್ಷೆಯಲ್ಲಿ ಫೇಲಾದವನು ಕತ್ತೆ, ಕರೆದರೂ ಏಳದವನು ಎಮ್ಮೆ, ಕೆಲಸ ಸಾಧಿಸಿಕೊಳ್ಳುವವನು ನರಿ. ನಂಬಿಗಸ್ತನನ್ನು ಹೊಗಳುವಾಗಲೂ ನಾಯಿ, ಸಿಟ್ಟು ಬಂದಾಗ ಬೈಯಲೂ ನಾಯಿ. ಒಂದೇ ಪ್ರಾಣಿಯನ್ನು ಎರಡಕ್ಕೂ ಬಳಸುವಷ್ಟು ನಮ್ಮ ನಾಲಿಗೆ ಚುರುಕು.

ರಾಜಕಾರಣಿಗಳೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. 2023ರ ಜನವರಿಯಲ್ಲಿ, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪ್ರಧಾನಿಯ ಮುಂದೆ ನಾಯಿಮರಿಯಂತೆ ನಡುಗುತ್ತಾರೆ ಎಂದರು. ನಾಯಿ ನಿಯತ್ತಿನ ಪ್ರಾಣಿ, ತಾವೂ ಜನರಿಗೆ ನಿಯತ್ತಾಗಿದ್ದೇವೆ ಎಂದು ಬೊಮ್ಮಾಯಿ ತಿರುಗೇಟು ಕೊಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿಯನ್ನು ವಿಷಸರ್ಪಕ್ಕೆ ಹೋಲಿಸಿದರು. ಟೀಕೆ ಬಂದ ಮೇಲೆ, ತಾವು ಹೇಳಿದ್ದು ವ್ಯಕ್ತಿಯ ಬಗ್ಗೆ ಅಲ್ಲ, ಅವರ ಪಕ್ಷದ ಸಿದ್ಧಾಂತದ ಬಗ್ಗೆ ಎಂದು ಸ್ಪಷ್ಟನೆ ಕೊಟ್ಟರು. ಹಾವು ಶಿವನ ಕೊರಳಲ್ಲಿರುತ್ತದೆ, ತಮಗೆ ಜನರೇ ಶಿವ ಎಂದು ನರೇಂದ್ರ ಮೋದಿ ಕೋಲಾರದಲ್ಲಿ ಉತ್ತರಿಸಿದರು.

ಇವು ಸಭ್ಯವಾದ ಮಾತುಗಳೆಂದು ಯಾರೂ ಹೇಳಲಾರರು. ಆದರೂ ಒಂದನ್ನು ಗಮನಿಸಿ. ಬೈಸಿಕೊಂಡವರ ಕೈಯಲ್ಲೂ ಮೈಕ್ ಇತ್ತು. ಎಸೆದ ಪ್ರಾಣಿಯನ್ನೇ ಹಿಡಿದು, ಅದಕ್ಕೆ ಬೇರೆ ಅರ್ಥ ಕೊಟ್ಟು ವಾಪಸ್ ಎಸೆಯುವುದು ಅವರಿಗೆ ಸಾಧ್ಯವಾಯಿತು. ಒಬ್ಬ ವ್ಯಕ್ತಿಗೆ ಪ್ರಾಣಿಯ ಹೆಸರಿಟ್ಟರೆ ಅವನ ನಡೆನುಡಿಯನ್ನು ನೋಡಿ ಅದು ಹೊಂದುತ್ತದೆಯೋ ಇಲ್ಲವೋ ಎಂದು ಜನ ತೀರ್ಮಾನಿಸಬಹುದು. ಇಡೀ ಒಂದು ಸಮುದಾಯಕ್ಕೆ ಒಂದೇ ಪ್ರಾಣಿಯ ಮುಖ ಅಂಟಿಸಿದರೆ?

ಅಂಥದ್ದೂ ನಮ್ಮಲ್ಲಿ ನಡೆದಿದೆ. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ರಾಜ್ಯ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಒಂದು ಪುಟ್ಟ ಆ್ಯನಿಮೇಷನ್ ಬಂತು. ಒಂದು ಗೂಡು. ಅದರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಎಂದು ಬರೆದ ಮೂರು ಮೊಟ್ಟೆಗಳು. ರಾಹುಲ್ ಗಾಂಧಿ, ಸಿದ್ದರಾಮಯ್ಯ ಅವರನ್ನು ಹೋಲುವ ಪಾತ್ರಗಳು ಅಲ್ಲಿಗೆ ಮುಸ್ಲಿಂ ಎಂದು ಬರೆದ ಇನ್ನೊಂದು ಮೊಟ್ಟೆ ತಂದಿಡುತ್ತವೆ. ಮರಿಗಳು ಹೊರಬಂದ ಮೇಲೆ ತುತ್ತೆಲ್ಲ ಆ ಒಂದು ಮರಿಗೇ. ಅದು ಕೊಬ್ಬಿ ಬೆಳೆದು ಉಳಿದ ಮೂರನ್ನೂ ಗೂಡಿನಿಂದ ಹೊರಕ್ಕೆ ತಳ್ಳುತ್ತದೆ. ಕಾಂಗ್ರೆಸ್ ದೂರು ಕೊಟ್ಟಿತು, ಬೆಂಗಳೂರಿನಲ್ಲಿ ಪ್ರಕರಣ ದಾಖಲಾಯಿತು, ಮೇ 7ರಂದು ಚುನಾವಣಾ ಆಯೋಗ ಅದನ್ನು ತೆಗೆದುಹಾಕುವಂತೆ ಎಕ್ಸ್ ಸಂಸ್ಥೆಗೆ ಸೂಚಿಸಿತು. ಅಂದೇ ರಾಜ್ಯದಲ್ಲಿ ಕೊನೆಯ ಹಂತದ ಮತದಾನವೂ ಮುಗಿಯಿತು.

ಮೀಸಲಾತಿ ಯಾರಿಗೆ, ಎಷ್ಟು, 2ಬಿ ಪ್ರವರ್ಗ ಇರಬೇಕೋ ಬೇಡವೋ ಎಂಬುದು ಖಂಡಿತ ಚರ್ಚೆಯಾಗಬೇಕಾದ ವಿಷಯ. ಕೆಪಿಎಸ್‌ಸಿ ಅಧಿಸೂಚನೆಗೆ ಕಾದು ಕುಳಿತ ನಮ್ಮಂಥವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆಯೇ ಹೌದು. ಅಂಥ ಚರ್ಚೆಗೆ ಆಯೋಗದ ವರದಿಗಳಿವೆ, ಅಂಕಿಅಂಶಗಳಿವೆ, ನ್ಯಾಯಾಲಯಗಳಿವೆ. ಆ ಗೂಡಿನ ಚಿತ್ರದಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. ಉಳಿದವರನ್ನು ತಳ್ಳುವುದು ಆ ಮರಿಯ ಹುಟ್ಟುಗುಣ ಎಂದು ಮೊದಲೇ ತೀರ್ಮಾನಿಸಿಯಾಗಿದೆ. ಹಕ್ಕಿಮರಿಯ ಜೊತೆ ವಾದ ಮಾಡುವವರು ಯಾರು?

ಸಮುದಾಯಕ್ಕೆ ಪ್ರಾಣಿಯ ಮುಖ ಅಂಟಿಸುವ ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಅದರಿಂದ ಬಿಡಿಸಿಕೊಳ್ಳುವುದು ಹೇಗೆ ಎಂದು ತಿಳಿಯಲು ನಮ್ಮ ವಯಸ್ಸಿನವರು ಓದಲೇಬೇಕಾದ ಒಂದು ಕಾಮಿಕ್ಸ್ ಇದೆ. ಅದರ ಹೆಸರು ‘ಮೌಸ್’. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಇಲಿ.

ಬೆಕ್ಕು, ಇಲಿ ಮತ್ತು ಅಪ್ಪ

ಅಮೆರಿಕದ ವ್ಯಂಗ್ಯಚಿತ್ರಕಾರ ಆರ್ಟ್ ಸ್ಪೀಗಲ್‌ಮನ್ ಹುಟ್ಟಿದ್ದು 1948ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಅಪ್ಪ ವ್ಲಾಡೆಕ್, ಅಮ್ಮ ಆನ್ಯಾ ಇಬ್ಬರೂ ಪೋಲೆಂಡ್‌ನ ಯಹೂದಿಗಳು. ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವರು. ಆರ್ಟ್ ಹುಟ್ಟುವ ಮೊದಲೇ ಅವರಿಗಿದ್ದ ರಿಶ್ಯು ಎಂಬ ಮಗ ಯುದ್ಧಕಾಲದಲ್ಲಿ ತೀರಿಹೋಗಿದ್ದ. ಅಮ್ಮ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮುಂದೆ ಮಗ ನ್ಯೂಯಾರ್ಕ್‌ನಲ್ಲಿದ್ದ ಅಪ್ಪನ ಮನೆಗೆ ಟೇಪ್‌ರೆಕಾರ್ಡರ್ ಹಿಡಿದು ಹೋಗಿ, ಅವರ ಕಥೆ ಕೇಳಿ, ಅದನ್ನು ಚಿತ್ರಗಳಲ್ಲಿ ಬರೆದ. ಮೊದಲ ಸಂಪುಟ 1986ರಲ್ಲಿ, ಎರಡನೆಯದು 1991ರಲ್ಲಿ ಬಂತು. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಸಿಕ್ಕಿತು. ಗ್ರಾಫಿಕ್ ಕಥನವೊಂದಕ್ಕೆ ಪುಲಿಟ್ಜರ್ ಬಂದದ್ದು ಅದೇ ಮೊದಲು.

ಪುಸ್ತಕದಲ್ಲಿ ಯಹೂದಿಗಳೆಲ್ಲ ಇಲಿಗಳು, ಜರ್ಮನ್ನರು ಬೆಕ್ಕುಗಳು, ಪೋಲಿಷರು ಹಂದಿಗಳು, ಅಮೆರಿಕನ್ನರು ನಾಯಿಗಳು, ಫ್ರೆಂಚರು ಕಪ್ಪೆಗಳು. ಮೈ ಮನುಷ್ಯರದು, ತಲೆ ಮಾತ್ರ ಪ್ರಾಣಿಯದು. ಮೊದಲ ಸಲ ಪುಟ ತಿರುವಿದವರಿಗೆ ಇದು ಟಾಮ್ ಅಂಡ್ ಜೆರ್ರಿಯಂತೆ ಕಾಣಬಹುದು. ಅರುವತ್ತು ಲಕ್ಷ ಯಹೂದಿಗಳ ಕೊಲೆಯನ್ನು ಹೀಗೆ ಬರೆಯಬಹುದೇ ಎಂಬ ಕಸಿವಿಸಿಯೂ ಆಗಬಹುದು.

ಆ ಚಿತ್ರವನ್ನು ಮೊದಲು ಬರೆದವರು ಯಾರು ಎಂದು ಕೇಳಿದರೆ ಉತ್ತರ ಹೊಳೆಯುತ್ತದೆ. ಯಹೂದಿಗಳನ್ನು ಇಲಿ–ಹೆಗ್ಗಣ ಮಾಡಿದ್ದು ನಾಜಿಗಳು. 1940ರಲ್ಲಿ ಅವರು ಸಾಕ್ಷ್ಯಚಿತ್ರದ ಸೋಗಿನಲ್ಲಿ ತೋರಿಸಿದ ‘ಶಾಶ್ವತ ಯಹೂದಿ’ ಎಂಬ ಪ್ರಚಾರ ಸಿನಿಮಾದಲ್ಲಿ ಯಹೂದಿಗಳ ವಲಸೆಯ ದೃಶ್ಯಗಳ ಪಕ್ಕದಲ್ಲೇ ಗುಂಪುಗುಂಪಾಗಿ ಓಡುವ ಹೆಗ್ಗಣಗಳನ್ನು ಜೋಡಿಸಿದ್ದರು. ಹೆಗ್ಗಣ ರೋಗ ಹರಡುತ್ತದೆ, ಉಗ್ರಾಣ ಬರಿದು ಮಾಡುತ್ತದೆ, ಬಿಟ್ಟರೆ ಊರೆಲ್ಲ ತುಂಬುತ್ತದೆ. ಹೆಗ್ಗಣವನ್ನು ಕೊಂದವನನ್ನು ಯಾರೂ ಕೊಲೆಗಾರ ಎನ್ನುವುದಿಲ್ಲ, ಮನೆ ಶುದ್ಧ ಮಾಡಿದ ಎನ್ನುತ್ತಾರೆ. ಆಶ್‌ವಿಟ್ಜ್‌ನ ಅನಿಲ ಕೋಣೆಗಳಲ್ಲಿ ಜನರನ್ನು ಕೊಲ್ಲಲು ಬಳಸಿದ ಝೈಕ್ಲಾನ್–ಬಿ ಮೂಲತಃ ಹೇನು, ಕೀಟ, ಇಲಿಗಳನ್ನು ಕೊಲ್ಲಲು ಮಾರುತ್ತಿದ್ದ ವಿಷ. ಮೊದಲು ಮಾತಿನಲ್ಲಿ ಇಲಿ ಮಾಡಿದರು, ಆಮೇಲೆ ಸಿನಿಮಾದಲ್ಲಿ, ಕೊನೆಗೆ ಇಲಿಪಾಷಾಣವನ್ನೇ ಹಾಕಿದರು.

ಆಶ್‌ವಿಟ್ಜ್ ಒಂದರಲ್ಲೇ ಸತ್ತವರು ಸುಮಾರು 11 ಲಕ್ಷ. ಅವರಲ್ಲಿ ಹತ್ತಿರ ಹತ್ತಿರ 10 ಲಕ್ಷ ಜನ ಯಹೂದಿಗಳು. ಸ್ಪೀಗಲ್‌ಮನ್ ಮಾಡಿದ್ದು ಕೊಂದವರ ಕೈಯಲ್ಲಿದ್ದ ಆ ಇಲಿಯ ಚಿತ್ರವನ್ನೇ ಕಿತ್ತುಕೊಂಡು, ಅದಕ್ಕೆ ಕೋಟು ತೊಡಿಸಿ, ಮದುವೆ ಮಾಡಿಸಿ, ಮಕ್ಕಳನ್ನು ಕೊಟ್ಟು, ಜಗಳ ಆಡಿಸಿ, ಮುಪ್ಪಿನಲ್ಲಿ ಮಾತ್ರೆ ಎಣಿಸುತ್ತಾ ಕೂರುವ ಅಪ್ಪನನ್ನಾಗಿ ತೋರಿಸಿದ್ದು. ಹತ್ತು ಪುಟ ದಾಟುವಷ್ಟರಲ್ಲಿ ಇಲಿಯ ಮುಖ ನಮಗೆ ಮರೆತುಹೋಗುತ್ತದೆ. ವ್ಲಾಡೆಕ್ ಮಾತ್ರ ಉಳಿಯುತ್ತಾರೆ.

ಬಾಲ ಕಾಣುತ್ತದೆ, ದಾರವೂ ಕಾಣುತ್ತದೆ

ಪ್ರಾಣಿಗಳ ಈ ಹಂಚಿಕೆ ಗಟ್ಟಿಯಾಗಿ ನಿಂತುಬಿಟ್ಟಿದ್ದರೆ ‘ಮೌಸ್’ ಕೂಡ ಇನ್ನೊಂದು ಪಡಿಯಚ್ಚೇ ಆಗುತ್ತಿತ್ತು. ಸ್ಪೀಗಲ್‌ಮನ್ ಅದನ್ನು ತಾವೇ ಪುಟಪುಟಕ್ಕೂ ಅಲುಗಾಡಿಸುತ್ತಾರೆ.

ಅಡಗಿಕೊಂಡು ಓಡಾಡುವಾಗ ವ್ಲಾಡೆಕ್ ಮತ್ತು ಆನ್ಯಾ ಪೋಲಿಷರಂತೆ ನಟಿಸಬೇಕಾಗುತ್ತದೆ. ಆಗ ಅವರ ಇಲಿಮುಖದ ಮೇಲೆ ಹಂದಿಯ ಮುಖವಾಡ ಬರುತ್ತದೆ. ತಲೆಯ ಹಿಂದೆ ಅದನ್ನು ಕಟ್ಟಿದ ದಾರವೂ ಕಾಣುತ್ತದೆ. ಅಪ್ಪ ಹೇಗೋ ಪೋಲಿಷನಂತೆ ದಾಟಿಬಿಡುತ್ತಾರೆ, ಅಮ್ಮನ ಚಹರೆ ಮಾತ್ರ ಅವರನ್ನು ಬಿಟ್ಟುಕೊಡುತ್ತದೆ. ಇದನ್ನು ಸ್ಪೀಗಲ್‌ಮನ್ ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ, ಆನ್ಯಾಳ ಕೋಟಿನ ಕೆಳಗೆ ಇಲಿಯ ಬಾಲ ಇಳಿಬಿಟ್ಟಿರುತ್ತಾರೆ. ನೆಲಮಾಳಿಗೆಯೊಂದರಲ್ಲಿ ಅಡಗಿದ್ದಾಗ ನಿಜವಾದ ಹೆಗ್ಗಣವೊಂದು ಹತ್ತಿರ ಬಂದು ಆನ್ಯಾ ಕಿರುಚುವ ದೃಶ್ಯವೂ ಇದೆ. ಅದು ಬರೀ ಇಲಿ ಎಂದು ಗಂಡ ಸಮಾಧಾನ ಮಾಡುತ್ತಾನೆ. ಇಲಿಯ ತಲೆ ಹೊತ್ತ ಹೆಂಗಸು ಇಲಿಗೆ ಹೆದರುವ ಆ ಒಂದು ಚೌಕದಲ್ಲಿ ನಾಜಿ ಸಿನಿಮಾದ ಹೋಲಿಕೆ ಮುರಿದುಬೀಳುತ್ತದೆ.

ಶಿಬಿರದಲ್ಲಿ ಒಬ್ಬ ಕೈದಿ ತಾನು ಯಹೂದಿಯಲ್ಲ, ಜರ್ಮನ್, ತನ್ನ ಮಗ ಸೈನ್ಯದಲ್ಲಿದ್ದಾನೆ ಎಂದು ಗೋಗರೆಯುತ್ತಾನೆ. ಒಂದು ಚೌಕದಲ್ಲಿ ಅವನನ್ನು ಇಲಿಯಾಗಿ, ಇನ್ನೊಂದರಲ್ಲಿ ಬೆಕ್ಕಾಗಿ ಬರೆಯಲಾಗಿದೆ. ಅವನು ನಿಜಕ್ಕೂ ಯಾರಾಗಿದ್ದ ಎಂದು ಮಗ ಕೇಳಿದರೆ ಅಪ್ಪನಿಗೂ ಗೊತ್ತಿಲ್ಲ. ಕಾವಲುಗಾರರ ಲೆಕ್ಕದಲ್ಲಿ ಅವನು ಯಹೂದಿ, ಅಷ್ಟೇ. ಆರ್ಟ್‌ನ ಹೆಂಡತಿ ಫ್ರಾಂಸ್ವಾಸ್ ಫ್ರೆಂಚ್ ಹೆಣ್ಣುಮಗಳು, ಮದುವೆಗಾಗಿ ಯಹೂದಿ ಧರ್ಮಕ್ಕೆ ಬಂದವಳು. ಆಕೆಯನ್ನು ಕಪ್ಪೆ ಮಾಡುವುದೋ ಇಲಿ ಮಾಡುವುದೋ ಎಂದು ಗಂಡಹೆಂಡಿರು ಪುಸ್ತಕದೊಳಗೇ ಚರ್ಚಿಸುತ್ತಾರೆ. ಎರಡನೇ ಸಂಪುಟದಲ್ಲಿ ಸ್ವತಃ ಲೇಖಕ ಮನುಷ್ಯನ ತಲೆಯ ಮೇಲೆ ಇಲಿಯ ಮುಖವಾಡ ಕಟ್ಟಿಕೊಂಡು ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಬುಡದಲ್ಲಿ ಹೆಣಗಳ ರಾಶಿ ಬಿದ್ದಿರುತ್ತದೆ.

ಯಕ್ಷಗಾನ ನೋಡಿದವರಿಗೆ, ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡುವವರಿಗೆ ಮುಖವಾಡ ಹೊಸದೇನಲ್ಲ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಕುದುರೆಯ ತಲೆ ಹೊತ್ತ ಮನುಷ್ಯ ಪೂರ್ಣನಾಗಲು ಊರೂರು ಅಲೆಯುತ್ತಾನೆ. ಅವನ ಸಂಕಟ ಅವನ ಹುಟ್ಟಿನದು. ವ್ಲಾಡೆಕ್ ಮತ್ತು ಆನ್ಯಾಳ ಇಲಿತಲೆ ಹಾಗಲ್ಲ. ಅದನ್ನು ಇನ್ಯಾರೋ ತಂದು ಹೇರಿದ್ದು. ದಾರವನ್ನು ತೋರಿಸುವ ಮೂಲಕ ಸ್ಪೀಗಲ್‌ಮನ್ ಓದುಗನಿಗೆ ಹೇಳುತ್ತಿರುವುದೂ ಅದನ್ನೇ: ಇದನ್ನು ಯಾರೋ ಕಟ್ಟಿದ್ದಾರೆ, ಆದ್ದರಿಂದ ಬಿಚ್ಚಲೂಬಹುದು.

ಹಂದಿ ಎಂದರೆ ನೋವಾಗದೇ?

ಪುಸ್ತಕದ ಮೇಲೆ ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ಪೋಲಿಷರನ್ನು ಹಂದಿ ಮಾಡಿದ್ದು ಸರಿಯೇ ಎಂದು ಅಮೆರಿಕದ ಇನ್ನೊಬ್ಬ ಕಾಮಿಕ್ಸ್ ಲೇಖಕ ಹಾರ್ವಿ ಪೀಕರ್ ಕೇಳಿದ್ದರು. ಪೋಲೆಂಡ್‌ನಲ್ಲಿ ನಾಜಿಗಳು ಕೊಂದದ್ದು ಯಹೂದಿಗಳನ್ನು ಮಾತ್ರವಲ್ಲ, ಲಕ್ಷಾಂತರ ಇತರ ಪೋಲಿಷರನ್ನೂ. 2001ರಲ್ಲಿ ಪುಸ್ತಕ ಪೋಲಿಷ್ ಭಾಷೆಗೆ ಬಂದಾಗ ಪ್ರತಿಭಟನೆ ನಡೆಯಿತು, ಪ್ರತಿಗಳನ್ನು ಸುಟ್ಟರು. ಅನುವಾದಿಸಿ ಪ್ರಕಟಿಸಿದ ಪತ್ರಕರ್ತ ಪ್ಯೋತ್ರ್ ಬಿಕೊಂಟ್ ಹಂದಿಯ ಮುಖವಾಡ ಹಾಕಿಕೊಂಡು ಕಚೇರಿಯ ಕಿಟಕಿಯಲ್ಲಿ ನಿಂತು ಪ್ರತಿಭಟನಕಾರರಿಗೆ ಕಾಣಿಸಿಕೊಂಡರು.

ಹಂದಿ ಎಂಬ ಮಾತು ಎಷ್ಟು ಚುಚ್ಚುತ್ತದೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ನಾಜಿಗಳು ಪೋಲಿಷರನ್ನು ಹಂದಿಗಳೆಂದೇ ಬೈಯುತ್ತಿದ್ದರು ಎಂಬುದು ಸ್ಪೀಗಲ್‌ಮನ್ ಕೊಟ್ಟ ಒಂದು ಸಮಜಾಯಿಷಿ. ಅದು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ಪುಸ್ತಕದ ಒಳಗಿನ ಉತ್ತರ ಅದಕ್ಕಿಂತ ಗಟ್ಟಿಯಾಗಿದೆ. ಆಶ್‌ವಿಟ್ಜ್‌ನಲ್ಲಿ ತೋಳಿನ ಮೇಲೆ ಸಂಖ್ಯೆ ಹಚ್ಚೆ ಹೊಯ್ಯಿಸಿಕೊಂಡು ಅಳುತ್ತಾ ಕೂತ ವ್ಲಾಡೆಕ್‌ನ ಬಳಿಗೆ ಒಬ್ಬ ಪೋಲಿಷ್ ಪಾದ್ರಿ ಬರುತ್ತಾನೆ. ಆ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ 18 ಆಗುತ್ತದೆ, ಹೀಬ್ರೂ ಲೆಕ್ಕದಲ್ಲಿ 18 ಎಂದರೆ ಜೀವ, ನೀನು ಬದುಕುತ್ತೀ ಎಂದು ಧೈರ್ಯ ತುಂಬುತ್ತಾನೆ. ಆ ಪಾದ್ರಿಯ ಮುಖವೂ ಹಂದಿಯದೇ. ತನ್ನ ಮನೆಯಲ್ಲಿ ಈ ದಂಪತಿಯನ್ನು ಅಡಗಿಸಿಟ್ಟ ಹೆಂಗಸೂ ಹಂದಿ, ಹಿಡಿದುಕೊಟ್ಟವರೂ ಹಂದಿ. ಸ್ವಂತ ಜನರನ್ನೇ ಹಿಡಿದು ಸಾಗಿಸಿದ ಯಹೂದಿ ಪೊಲೀಸರು ಇಲಿಗಳು. ತಲೆ ನೋಡಿ ಗುಣ ಹೇಳಲು ಹೊರಟರೆ ಈ ಪುಸ್ತಕದಲ್ಲಿ ದಾರಿ ತಪ್ಪುವುದು ಖಚಿತ.

ಇನ್ನೂ ಕಷ್ಟದ ಮಾತೊಂದಿದೆ. ವ್ಲಾಡೆಕ್ ಮುಪ್ಪಿನಲ್ಲಿ ಮಹಾ ಜಿಪುಣ. ಯಹೂದಿ ಎಂದರೆ ಜಿಪುಣ ಎಂಬ ಹಳೆಯ ಕುಹಕದ ಚಿತ್ರಕ್ಕೆ ತನ್ನ ಅಪ್ಪನೇ ಹೋಲುತ್ತಾನಲ್ಲ ಎಂದು ಮಗ ಪುಸ್ತಕದಲ್ಲೇ ತಳಮಳಿಸುತ್ತಾನೆ. ಆದರೂ ಅದನ್ನು ಮುಚ್ಚಿಡುವುದಿಲ್ಲ. ಒಂದು ದಿನ ಸೊಸೆ ದಾರಿಯಲ್ಲಿ ಕಾರು ನಿಲ್ಲಿಸಿ ಒಬ್ಬ ಕಪ್ಪು ವರ್ಣೀಯನನ್ನು ಹತ್ತಿಸಿಕೊಂಡಾಗ, ಅವನು ತಮ್ಮ ಸಾಮಾನು ಕದಿಯುತ್ತಾನೆಂದು ವ್ಲಾಡೆಕ್ ದಾರಿಯುದ್ದಕ್ಕೂ ಗೊಣಗುತ್ತಾರೆ. ಹಿಟ್ಲರನ ಶಿಬಿರದಿಂದ ಬದುಕಿ ಬಂದವರು ಹೀಗೆ ಮಾತಾಡಬಹುದೇ ಎಂದು ಸೊಸೆ ಸಿಡಿದೇಳುತ್ತಾಳೆ. ಅದರಿಂದ ಏನೂ ಬದಲಾಗುವುದಿಲ್ಲ. ತುಳಿತಕ್ಕೆ ಸಿಕ್ಕಿದವನು ಇನ್ನೊಬ್ಬರನ್ನು ತುಳಿಯುವುದಿಲ್ಲ ಎಂಬ ಖಾತರಿ ಎಲ್ಲೂ ಇಲ್ಲ. ಒಳ್ಳೆಯವನಾದ್ದರಿಂದ ಅವನಿಗೆ ಬದುಕುವ ಹಕ್ಕಿತ್ತು ಎಂದು ಪುಸ್ತಕ ವಾದಿಸುವುದಿಲ್ಲ. ಜಿಪುಣನಿಗೂ, ಪೂರ್ವಗ್ರಹ ತುಂಬಿಕೊಂಡವನಿಗೂ, ಜಗಳಗಂಟನಿಗೂ ಆ ಹಕ್ಕಿತ್ತು.

ನಮ್ಮ ಕಥೆಗಳ ಹುಟ್ಟುವೈರಿಗಳು

ಪ್ರಾಣಿಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ದುರ್ಗಸಿಂಹ ಹನ್ನೊಂದನೇ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಸಿಂಹದ ಆಸ್ಥಾನ, ನರಿಯ ಚಾಡಿ, ನಂಬಿ ಕೆಟ್ಟ ಎತ್ತು ಇವೆಲ್ಲ ನಮ್ಮ ಶಾಲಾ ಪುಸ್ತಕಗಳ ಮೂಲಕ ಮೈಗೂಡಿವೆ. ಸಂಸ್ಕೃತ ಪಂಚತಂತ್ರದ ಕಾಗೆ–ಗೂಬೆಗಳ ಕಥೆಯನ್ನು ಮಾತ್ರ ದೊಡ್ಡವರಾದ ಮೇಲೆ ಇನ್ನೊಮ್ಮೆ ಓದಬೇಕು. ಕಾಗೆಗಳಿಗೂ ಗೂಬೆಗಳಿಗೂ ಹುಟ್ಟುವೈರ. ಕಾಗೆಗಳ ಮುದಿ ಮಂತ್ರಿ ಶರಣಾದಂತೆ ನಟಿಸಿ ಗೂಬೆಗಳ ಗುಹೆ ಸೇರುತ್ತಾನೆ. ಗುಹೆಯ ಬಾಯಿಗೆ ಕಡ್ಡಿಕಸ ಪೇರಿಸಿ ಬೆಂಕಿ ಕೊಡಿಸುತ್ತಾನೆ. ಒಳಗಿದ್ದ ಗೂಬೆಗಳೆಲ್ಲ ಸುಟ್ಟುಹೋಗುತ್ತವೆ, ಕಥೆ ಕಾಗೆಗಳ ಗೆಲುವಿನೊಂದಿಗೆ ಮುಗಿಯುತ್ತದೆ. ಅದು ರಾಜನೀತಿಯ ಪಾಠ, ಶತ್ರುವನ್ನು ನಂಬಬೇಡ ಎಂಬ ಎಚ್ಚರಿಕೆ ಎಂದು ನಾವು ಓದಿಕೊಳ್ಳುತ್ತೇವೆ. ಗುಹೆಯಲ್ಲಿ ಗೂಬೆಯ ಮರಿಗಳೂ ಇದ್ದವಲ್ಲ ಎಂದು ಕೇಳುವವರು ಕಡಿಮೆ.

ಸಂಸ್ಕೃತ ವ್ಯಾಕರಣದಲ್ಲೂ ಈ ಹುಟ್ಟುವೈರಕ್ಕೆ ಜಾಗವಿದೆ. ಶಾಶ್ವತ ವಿರೋಧ ಇರುವವರ ಹೆಸರುಗಳು ಸಮಾಸವಾದರೆ ಏಕವಚನದಲ್ಲಿರಬೇಕು ಎಂದು ಪಾಣಿನಿಯ ಒಂದು ಸೂತ್ರ ಹೇಳುತ್ತದೆ. ಬೆಕ್ಕು–ಇಲಿ, ಹಾವು–ಮುಂಗುಸಿ ಇದಕ್ಕೆ ಉದಾಹರಣೆಗಳು. ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಇದೇ ಸೂತ್ರಕ್ಕೆ ಕೊಡುವ ಒಂದು ಉದಾಹರಣೆ ಪ್ರಾಣಿಗಳದ್ದಲ್ಲ, ಶ್ರಮಣ–ಬ್ರಾಹ್ಮಣರದು. ಎರಡು ಮನುಷ್ಯ ಗುಂಪುಗಳು ಬೆಕ್ಕು–ಇಲಿಯ ಸಾಲಿನಲ್ಲಿ ನಿಲ್ಲಲು ಎಷ್ಟು ಕಡಿಮೆ ಸಮಯ ಬೇಕು ನೋಡಿ.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮ ಮನೆಗಳಲ್ಲಿ ದಿನವೂ ಕೇಳುತ್ತದೆ. ಒಬ್ಬ ಸೋಮಾರಿಯ ಬಗ್ಗೆ ಹೇಳಿದರೆ ನಕ್ಕು ಸುಮ್ಮನಾಗಬಹುದು. ಒಂದು ಜಾತಿಯ, ಒಂದು ಧರ್ಮದ, ಒಂದು ಭಾಷೆಯವರ ಬಗ್ಗೆ ಹೇಳಿದರೆ ಅದರ ಅರ್ಥ ಬೇರೆಯಾಗುತ್ತದೆ. ಆಫ್ರಿಕಾದ ರುವಾಂಡದಲ್ಲಿ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತಿದ್ದ ಪತ್ರಿಕೆಯೊಂದು, ಜಿರಳೆಯ ಹೊಟ್ಟೆಯಲ್ಲಿ ಚಿಟ್ಟೆ ಹುಟ್ಟದು ಎಂಬ ಅರ್ಥದ ಲೇಖನವನ್ನು 1993ರಲ್ಲಿ ಅಚ್ಚು ಹಾಕಿತ್ತು. ನಮ್ಮ ಗಾದೆಯ ತಮ್ಮನಂತಿದೆ ಆ ಮಾತು. ಮರುವರ್ಷ ನೂರು ದಿನಗಳಲ್ಲಿ ಅಂದಾಜು ಎಂಟು ಲಕ್ಷ ಜನರ ಕೊಲೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಪತ್ರಿಕೆಯ ಸಂಪಾದಕನಿಗೂ, ಅದೇ ರಾಗ ಹಾಡಿದ ರೇಡಿಯೊ ನಡೆಸುತ್ತಿದ್ದ ಇಬ್ಬರಿಗೂ ಶಿಕ್ಷೆ ವಿಧಿಸಿತು.

ಹಾಗೆಂದು ಪ್ರಾಣಿಕಥೆಗಳನ್ನೇ ಬಿಸಾಡಬೇಕಿಲ್ಲ. ಗೋವಿನ ಹಾಡಿನ ಹುಲಿಯನ್ನು ನೆನೆಯಿರಿ. ಅದು ಹಸಿದಿದೆ, ಹಸು ಅದರ ಆಹಾರ. ಹುಟ್ಟುಗುಣದ ಪ್ರಕಾರ ಮುಂದೆ ಆಗಬೇಕಾದ್ದು ಒಂದೇ. ಕೊಟ್ಟ ಮಾತಿಗೆ ತಪ್ಪದೆ ಪುಣ್ಯಕೋಟಿ ಮರಳಿ ಬಂದಾಗ ಹುಲಿಯ ಎದೆಯೊಳಗೆ ಏನೋ ಕದಲುತ್ತದೆ. ಹುಲಿ ಹುಲಿಯಂತೆ ನಡೆದುಕೊಳ್ಳುವುದಿಲ್ಲ. ಇಷ್ಟು ತಲೆಮಾರುಗಳಿಂದ ನಾವು ಅದನ್ನು ಕೇಳಿ ಕಣ್ಣೀರು ಹಾಕುತ್ತಿರುವುದು ಆ ಕಾರಣಕ್ಕೇ. ಕಥೆಯಲ್ಲಿನ ಪ್ರಾಣಿಗೆ ಮನಸ್ಸು ಬದಲಿಸಲು ಅವಕಾಶವಿದ್ದರೆ ಅದು ಪಾತ್ರ. ಅವಕಾಶವೇ ಇಲ್ಲದಿದ್ದರೆ ಪಡಿಯಚ್ಚು.

ನಮ್ಮ ಏರಿಯಾದಲ್ಲೇ

ಜರ್ಮನಿ, ರುವಾಂಡ ದೂರದ ಮಾತಾಯಿತು ಎನ್ನುವವರು 2016ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಕಾವೇರಿ ಗಲಾಟೆಯ ದಿನಗಳು. ಬನಶಂಕರಿ ಪಕ್ಕದ ಗಿರಿನಗರದಲ್ಲಿ ತಮಿಳು ಮಾತಾಡುವ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಗುಂಪೊಂದು ಹಿಡಿದು ಹೊಡೆಯಿತು. ಕನ್ನಡದ ನಟರನ್ನು ಗೇಲಿ ಮಾಡುವ ಮೀಮ್ ಹಾಕಿದ್ದ ಎಂಬುದು ಕಾರಣ. ಹೊಡೆದದ್ದರ ವಿಡಿಯೊ ಗಡಿಯಾಚೆ ಹರಿದಾಡಿತು. ತಮಿಳುನಾಡಿನಲ್ಲಿ ಕರ್ನಾಟಕದ ಹೋಟೆಲು, ವಾಹನಗಳ ಮೇಲೆ ದಾಳಿಯಾಯಿತು, ರಾಮೇಶ್ವರದಲ್ಲಿ ಕನ್ನಡಿಗ ಚಾಲಕ ಏಟು ತಿಂದ. ಸೆಪ್ಟೆಂಬರ್ 12ರಂದು ಇಲ್ಲಿ ಮೈಸೂರು ರಸ್ತೆ ಕಡೆಯ ಡಿಪೊ ಒಂದರಲ್ಲಿ ಖಾಸಗಿ ಸಂಸ್ಥೆಯ ಹತ್ತಾರು ಬಸ್ಸುಗಳು ಬೆಂಕಿಗೆ ಆಹುತಿಯಾದವು. ಆ ದಿನ ಗುಂಪುಗಳು ನೋಡುತ್ತಿದ್ದದ್ದು ಒಂದನ್ನೇ, ನಂಬರ್ ಪ್ಲೇಟ್. ಅದರಲ್ಲಿ ಟಿಎನ್ ಇದೆಯೇ? ಗಡಿಯ ಆಚೆ ಕೇಳುತ್ತಿದ್ದದ್ದು, ಕೆಎ ಇದೆಯೇ? ಬಸ್ಸಿನ ಮಾಲೀಕ ಯಾರು, ಚಾಲಕ ಯಾರು, ಅವನಿಗೆ ಕಾವೇರಿ ನೀರಿನ ಹಂಚಿಕೆಗೂ ಏನು ಸಂಬಂಧ ಎಂದು ಯಾರಿಗೂ ಬೇಕಿರಲಿಲ್ಲ. ಆನ್ಯಾಳ ಕೋಟಿನಿಂದ ಇಣುಕಿದ ಬಾಲದಂತೆ ಆ ಎರಡಕ್ಷರ ಸಾಕಾಗಿತ್ತು.

ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಎರಡು–ಮೂರು ದಿನಗಳಲ್ಲೇ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ದಾಳಿ ನಡೆಯುತ್ತದೆ ಎಂಬ ವದಂತಿ ಮೊಬೈಲ್‌ಗಳಲ್ಲಿ ಹರಿದಿತ್ತು. ಕೇಂದ್ರ ಸರ್ಕಾರ ಒಬ್ಬರು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೆಲವು ದಿನ ನಿರ್ಬಂಧ ಹಾಕಬೇಕಾಯಿತು. ವದಂತಿಯನ್ನು ಅವರು ಯಾಕೆ ನಂಬಿದರು ಎಂದು ನಾವು ಆಶ್ಚರ್ಯಪಟ್ಟೆವು. ಬೀದಿಯಲ್ಲಿ ಬಸ್ಸಿನಲ್ಲಿ ದಿನವೂ ಅವರ ಚಹರೆಗೆ ಸಿಗುತ್ತಿದ್ದ ಅಡ್ಡಹೆಸರುಗಳನ್ನು ಕೇಳಿಸಿಕೊಂಡವರಿಗೆ ಆಶ್ಚರ್ಯವಾಗಬೇಕಿರಲಿಲ್ಲ. ನಂಬರ್ ಪ್ಲೇಟನ್ನಾದರೂ ಬಿಚ್ಚಿಡಬಹುದು, ಮುಖವನ್ನು ಬಿಚ್ಚಿಡುವುದು ಹೇಗೆ?

ಗಲಭೆಯಿಲ್ಲದ ಸಾಮಾನ್ಯ ದಿನಗಳಲ್ಲೂ ಬಾಲ ಹುಡುಕುವ ಕೆಲಸ ನಿಂತಿಲ್ಲ. ಜಯನಗರ, ಬನಶಂಕರಿಯಲ್ಲಿ ‘ಟು ಲೆಟ್’ ಬೋರ್ಡ್ ನೋಡಿ ಗೇಟು ತಟ್ಟಿ. ಬಾಡಿಗೆ ಎಷ್ಟು ಎಂದು ನೀವು ಕೇಳುವ ಮೊದಲೇ ‘ವೆಜ್ಜಾ, ನಾನ್‌ವೆಜ್ಜಾ?’ ಎಂಬ ಪ್ರಶ್ನೆ ಬರುತ್ತದೆ. ಮುಂದಿನದು ‘ಯಾವ ಜನ ನೀವು?’ ನೀವು ಯಾವ ಪ್ರಾಣಿ ತಿನ್ನುತ್ತೀರಿ ಎನ್ನುವುದರಿಂದ ನೀವು ಎಂಥ ಪ್ರಾಣಿ ಎಂದು ಲೆಕ್ಕ ಹಾಕುವ ವಿಧಾನ ಇದು. ಬಿಟಿಎಂ ಲೇಔಟಿನ ಪಿ.ಜಿ.ಗಳಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ರಾಜ್ಯದವರಿರುತ್ತಾರೆ. ಉತ್ತರದಿಂದ ಬಂದವರೆಲ್ಲ ‘ನಾರ್ತಿ’, ನಮ್ಮನ್ನು ಅವರು ಕರೆಯುವುದು ಸಾರಾಸಗಟಾಗಿ ‘ಮದ್ರಾಸಿ’. ಉತ್ತರ ಕರ್ನಾಟಕದ ಗೆಳೆಯನ ಮಾತಿನ ಧಾಟಿಯನ್ನು ಅಣಕಿಸಿ ನಗುವವರಲ್ಲಿ ಮೈಸೂರು ಕಡೆಯವರೇ ಮುಂದು. ಉದ್ಯೋಗದ ಸಂದರ್ಶನದಲ್ಲಿ ನಮ್ಮ ಇಂಗ್ಲಿಷಿನ ಉಚ್ಚಾರ ಕೇಳಿ ಎದುರಿನವರು ಮುಖ ಸಿಂಡರಿಸಿದಾಗ ನಮಗೆ ಉರಿಯುತ್ತದೆ. ಅದೇ ಸಂಜೆ ಗ್ರೂಪಿನಲ್ಲಿ ಇನ್ನೊಂದು ಸಮುದಾಯದ ಮೇಲಿನ ಮೀಮ್ ಬಂದರೆ ನಗುವ ಇಮೋಜಿ ಒತ್ತುತ್ತೇವೆ. ವ್ಲಾಡೆಕ್ ಕಾರಿನಲ್ಲಿ ಗೊಣಗಿದ್ದಕ್ಕೂ ಇದಕ್ಕೂ ದೂರವಿಲ್ಲ.

ಕಳಿಸುವ ಮೊದಲು

ಮೀಮ್ ನಮ್ಮ ತಲೆಮಾರಿನ ಪಂಚತಂತ್ರ. ಅದನ್ನು ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಅಧಿಕಾರದಲ್ಲಿ ಇರುವವರನ್ನು ನರಿ, ಗೋಸುಂಬೆ ಎಂದು ಚಿತ್ರ ಬರೆಯುವ ಸ್ವಾತಂತ್ರ್ಯ ಯಾವ ವ್ಯಂಗ್ಯಚಿತ್ರಕಾರನಿಗೂ ಇರಲೇಬೇಕು. ‘ಮೌಸ್’ ಪುಸ್ತಕವನ್ನೇ ಅಮೆರಿಕದ ಟೆನೆಸ್ಸಿ ರಾಜ್ಯದ ಒಂದು ಕೌಂಟಿಯ ಶಾಲಾ ಮಂಡಳಿ 2022ರ ಜನವರಿಯಲ್ಲಿ ಪಠ್ಯದಿಂದ ಕಿತ್ತುಹಾಕಿತು. ಕೆಲವು ಬೈಗುಳ ಮತ್ತು ಒಂದು ನಗ್ನ ಚಿತ್ರ ಅದು ಕೊಟ್ಟ ಕಾರಣ. ನಿಷೇಧದಿಂದ ಏನೂ ಸಾಧಿಸಿದಂತಾಗಲಿಲ್ಲ, ಆ ಪುಸ್ತಕದ ಮಾರಾಟ ಇನ್ನಷ್ಟು ಏರಿತು.

ಬೇಕಾಗಿರುವುದು ಓದುವ ಕಣ್ಣು. ಪ್ರಾಣಿಯ ರೂಪದ ಚಿತ್ರವೊಂದು ಫೋನಿಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ಒಬ್ಬ ವ್ಯಕ್ತಿ ಮಾಡಿದ ಕೆಲಸದ ಬಗ್ಗೆಯೋ, ಒಂದು ಜನ ಹುಟ್ಟಿದ ಬಗೆಯ ಬಗ್ಗೆಯೋ? ಇದರಲ್ಲಿರುವವರು ತಿರುಗಿ ಉತ್ತರ ಕೊಡಲು ಸಾಧ್ಯವೋ, ಇಲ್ಲವೋ? ಈ ಪ್ರಾಣಿಯನ್ನು ನಿಜ ಜೀವನದಲ್ಲಿ ಕಂಡರೆ ನಾವು ಏನು ಮಾಡುತ್ತೇವೆ: ಸಾಕುತ್ತೇವೋ, ಓಡಿಸುತ್ತೇವೋ, ಹೊಸಕಿ ಹಾಕುತ್ತೇವೋ? ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನೇ ಚಿತ್ರ ಬರೆದವನು ನಮ್ಮಿಂದ ಬಯಸುತ್ತಿರುತ್ತಾನೆ.

ಓದಬೇಕೆಂದಿರುವವರಿಗೆ ‘ಮೌಸ್’ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತದೆ. ವ್ಲಾಡೆಕ್ ಆಡುವುದು ವಲಸೆ ಬಂದವನ ತಡವರಿಸುವ ಇಂಗ್ಲಿಷ್. ಅದನ್ನು ಮಗ ತಿದ್ದಿ ನಯ ಮಾಡದೆ ಹಾಗೆಯೇ ಉಳಿಸಿದ್ದಾನೆ. ಸಂದರ್ಶನದಲ್ಲಿ ಮಾತು ತಡವರಿಸಿ ಬೆವರಿದ ಯಾರಿಗೇ ಆದರೂ ಆ ಧ್ವನಿ ಪರಿಚಿತ ಅನ್ನಿಸುತ್ತದೆ. ಎರಡನೇ ಸಂಪುಟದ ಕೊನೆಯ ಹೊತ್ತಿಗೆ ಒಂದು ಪುಟದಲ್ಲಿ ವ್ಲಾಡೆಕ್‌ರ ನಿಜವಾದ ಫೋಟೊ ಇದೆ. ಯುದ್ಧ ಮುಗಿದ ಮೇಲೆ ತೆಗೆಸಿಕೊಂಡದ್ದು. ಅಷ್ಟು ಪುಟಗಳ ಇಲಿಗಳ ನಂತರ ಒಬ್ಬ ಯುವಕ, ಹೆಚ್ಚುಕಡಿಮೆ ನಮ್ಮ ಅಣ್ಣಂದಿರ ವಯಸ್ಸಿನವನು, ನೇರವಾಗಿ ನಮ್ಮನ್ನೇ ನೋಡುತ್ತಿರುತ್ತಾನೆ. ಮುಂದಿನ ಸಲ ಗ್ರೂಪಿಗೆ ಗೂಡಿನ ಮರಿಯೋ, ಹೆಗ್ಗಣವೋ, ಜಿರಳೆಯೋ ಬಂದಾಗ ಅದರ ಹಿಂದೆ ಇರುವ ಅಂಥ ಒಂದು ಮುಖವನ್ನು ಕಲ್ಪಿಸಿಕೊಂಡು ನೋಡಿ. ಫಾರ್ವರ್ಡ್ ಒತ್ತುವುದೋ ಬೇಡವೋ ಎಂದು ಆಮೇಲೆ ನಿರ್ಧರಿಸಿ.